ನಿನ್ ಮಾಲೀಕ ಯಾರಪ್ಪ? ಗುತ್ತಿಗೆ ಕೆಲಸ, ಆಪ್ ಕೆಲಸ, ಯೂನಿಯನ್‌ಗಳ ಪರದಾಟ

ಸುಮಾರು ಹದಿನೈದು ವರ್ಷದ ಹಿಂದೆ ನಾನು ಪೀಣ್ಯದ ಒಂದು ಫ್ಯಾಕ್ಟರೀಲಿ ಗುತ್ತಿಗೆ ಮೇಲೆ ಕೆಲಸ ಮಾಡ್ತಿದ್ದೆ, ಹೆಸರು ಬೇಡ ಬಿಡಿ. ಪರ್ಮನೆಂಟ್‌ನವರಿಗೆ ನೀಲಿ ಶರ್ಟು, ನಮಗೆ ಬೂದಿ ಬಣ್ಣದ್ದು. ಮಷಿನ್ ಅದೇ, ಶಿಫ್ಟ್ ಅದೇ, ಬೈಯೋ ಸೂಪರ್‌ವೈಸರೂ ಅವನೇ, ಸಂಬಳ ಮಾತ್ರ ಅವರದ್ದರಲ್ಲಿ ಮೂರನೇ ಒಂದು ಭಾಗ. ಒಂದ್ ಸಲ ಎರಡು ತಿಂಗಳ ಓವರ್‌ಟೈಮ್ (ಓಟಿ) ದುಡ್ಡು ಬರಲಿಲ್ಲ ಅಂತ ಎಚ್‌ಆರ್ ಹತ್ರ ಹೋದ್ರೆ "ನೀನು ನಮ್ ರೋಲ್‌ನಲ್ಲೇ ಇಲ್ಲ ಕಣಪ್ಪ, ಕಂಟ್ರಾಕ್ಟರ್‌ನ ಕೇಳು" ಅಂದ್ರು. ಕಂಟ್ರಾಕ್ಟರ್‌ಗೆ ಫೋನ್ ಹಾಕಿದ್ರೆ "ಕಂಪನಿಯವ್ರು ಬಿಲ್ ಪಾಸ್ ಮಾಡಿಲ್ಲ ಗುರು, ಬಂದ ತಕ್ಷಣ ಹಾಕ್ತೀನಿ" ಅಂದ. ಯೂನಿಯನ್ ಮುಖಂಡರೊಬ್ರು ಕ್ಯಾಂಟೀನ್‌ನಲ್ಲಿ ನಮ್ ಪಕ್ಕದ ಟೇಬಲ್‌ಗೇ ಊಟಕ್ಕೆ ಬರ್ತಿದ್ರು, ಅವರನ್ನ ಕೇಳಿದ್ರೆ ಪಾಪ ಬೇಜಾರ್ ಮಾಡ್ಕೊಂಡೇ ಹೇಳಿದ್ರು, "ನಮ್ ಬೈಲಾ ಪ್ರಕಾರ ಪರ್ಮನೆಂಟ್‌ನವರಿಗೆ ಮಾತ್ರ ಮೆಂಬರ್‌ಶಿಪ್ಪು ತಮ್ಮಾ". ಏಳೂವರೆ ತಿಂಗಳಾಗ್ತಿದ್ದಂಗೆ ನನಗೆ ಬ್ರೇಕ್ ಕೊಟ್ರು. ಹದಿನೈದು ದಿನ ಮನೇಲಿರು, ಆಮೇಲೆ ಹೊಸ ಕಾರ್ಡ್ ಮಾಡಿಸ್ಕೊಂಡು ಬಾ ಅಂತ.

ಈ ಬ್ರೇಕ್ ಯಾಕೆ ಅಂತ ಆಗ ಗೊತ್ತಿರ್ಲಿಲ್ಲ. ಹಳೇ ಕೈಗಾರಿಕಾ ವಿವಾದ ಕಾಯ್ದೆ, 1947ರದ್ದು, ಅದರಲ್ಲಿ ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ರೆ ಒಂದು ವರ್ಷ ನಿರಂತರ ಸೇವೆ ಅಂತ ಲೆಕ್ಕ. ಆಮೇಲೆ ನಿಮ್ಮನ್ನ ಸುಮ್ನೆ ತೆಗೆದುಹಾಕಕ್ಕಾಗಲ್ಲ, ನೋಟಿಸ್ ಕೊಡ್ಬೇಕು, ವರ್ಷಕ್ಕೆ ಹದಿನೈದು ದಿನದ ಸಂಬಳದ ಲೆಕ್ಕದಲ್ಲಿ ಪರಿಹಾರ ಕೊಡ್ಬೇಕು. ಆ 240 ಅನ್ನೋ ಗೆರೆ ದಾಟದ ಹಾಗೆ ನೋಡ್ಕೊಂಡ್ರೆ ಆಯ್ತಲ್ಲ. ಕ್ಯಾಲೆಂಡರ್ ಹಿಡ್ಕೊಂಡು ಕೂತಿರ್ತಾರೆ ಸ್ವಾಮಿ.

ಈಗ ಈ ಅಭದ್ರ ಕೆಲಸ ಅನ್ನೋದು ಹತ್ತು ವೇಷದಲ್ಲಿದೆ. ಫ್ಯಾಕ್ಟರೀಲಿ ಗುತ್ತಿಗೆ, ಸರ್ಕಾರಿ ಆಫೀಸಲ್ಲಿ ಹೊರಗುತ್ತಿಗೆ, ಕಾಲೇಜಲ್ಲಿ ಅತಿಥಿ ಉಪನ್ಯಾಸಕ (ಹತ್ತು ವರ್ಷ ಪಾಠ ಮಾಡಿದ್ರೂ ಅತಿಥಿನೇ, ಎಂಥ ಅತಿಥಿ ಸತ್ಕಾರವೋ), ಆಶಾ ಅಕ್ಕನಿಗೆ ಬರೋದು ಸಂಬಳ ಅಲ್ಲ ಗೌರವಧನ, ಡೆಲಿವರಿ ಹುಡುಗ ಡೆಲಿವರಿ ಪಾರ್ಟ್‌ನರ್. ಹೆಸರೆಲ್ಲಾ ಗೌರವದ್ದೇ. ಆದ್ರೆ ಎಲ್ಲಾ ಹೆಸರಿನ ಕೆಲಸ ಒಂದೇ, ಕಾರ್ಮಿಕ ಅನ್ನೋ ಪದ ಬಾಯಿಗೆ ಬರದ ಹಾಗೆ ನೋಡ್ಕೊಳ್ಳೋದು. ಯಾಕಂದ್ರೆ ಕಾರ್ಮಿಕ ಅಂದ ತಕ್ಷಣ ಮುಂದಿನ ಪ್ರಶ್ನೆ ಬರತ್ತೆ, ಹಂಗಾದ್ರೆ ಮಾಲೀಕ ಯಾರು? ಯೂನಿಯನ್‌ಗಳು ಅಭದ್ರ ಕೆಲಸದ ವಿಷಯದಲ್ಲಿ ಏನ್ ಮಾಡ್ತಿವೆ ಅಂತ ಯಾರಾದ್ರೂ ಕೇಳಿದ್ರೆ ನಾನು ಕೊಡೋ ಉತ್ತರ ಇದೇ. ಮಾಲೀಕನನ್ನ ಹುಡುಕ್ತಿವೆ. ಸಿಕ್ಕಿದ್ರೆ ಕೊರಳಪಟ್ಟಿ ಹಿಡೀತಾವೆ, ಸಿಗದೇ ಇದ್ರೆ ಕಾನೂನು ಮಾಡಿಸಿ ಒಬ್ಬ ಮಾಲೀಕನನ್ನ ಹುಟ್ಟಿಸ್ತಾವೆ.

ಮೊದ್ಲು ಹುಡುಕೋ ದಾರಿ ನೋಡೋಣ. 1970ರಲ್ಲಿ ಗುತ್ತಿಗೆ ಕಾರ್ಮಿಕ ಕಾಯ್ದೆ ಬಂತು. ಅದರಲ್ಲಿ ಎರಡು ಮುಖ್ಯ ವಿಷಯ. ಒಂದು, ಕಂಟ್ರಾಕ್ಟರ್ ಸಂಬಳ ಕೊಡದೆ ಕೈ ಎತ್ತಿದ್ರೆ ಪ್ರಿನ್ಸಿಪಲ್ ಎಂಪ್ಲಾಯರ್, ಅಂದ್ರೆ ಕೆಲಸ ಯಾರ ಜಾಗದಲ್ಲಿ ನಡೀತಿದೆಯೋ ಆ ಕಂಪನಿಯೇ ಕೊಡ್ಬೇಕು, ಆಮೇಲೆ ಕಂಟ್ರಾಕ್ಟರ್ ಹತ್ರ ವಸೂಲಿ ಮಾಡ್ಕೊಳ್ಳಲಿ. ನನ್ನ ಓಟಿ ದುಡ್ಡಿನ ಜವಾಬ್ದಾರಿನೂ ಕಾನೂನಿನ ಪ್ರಕಾರ ಆ ಎಚ್‌ಆರ್ ಕೂತಿದ್ದ ಕಂಪನಿದೇ ಆಗಿತ್ತು, ನನಗೆ ಹೇಳೋರು ಇರ್ಲಿಲ್ಲ ಅಷ್ಟೆ. ಎರಡು, ವರ್ಷಪೂರ್ತಿ ನಡೆಯೋ ಕೆಲಸಕ್ಕೆ ಗುತ್ತಿಗೆ ಬೇಡ ಅಂತ ಸರ್ಕಾರ ಅಧಿಸೂಚನೆ ಹೊರಡಿಸಿ ನಿಷೇಧ ಮಾಡ್ಬಹುದಿತ್ತು.

ಸರಿ, ನಿಷೇಧ ಆಯ್ತು ಅಂತಿಟ್ಕೊಳ್ಳಿ, ಅಲ್ಲಿ ಕೆಲಸ ಮಾಡ್ತಿದ್ದ ಗುತ್ತಿಗೆಯವರ ಗತಿ? ಕಾಯ್ದೇಲಿ ಇದಕ್ಕೆ ಉತ್ತರಾನೇ ಇರ್ಲಿಲ್ಲ. 1996ರಲ್ಲಿ ಏರ್ ಇಂಡಿಯಾ ಕೇಸಲ್ಲಿ ಸುಪ್ರೀಂ ಕೋರ್ಟು ಅವರೆಲ್ಲಾ ತಾನಾಗೇ ಆ ಸಂಸ್ಥೆಯ ನೌಕರರಾಗ್ತಾರೆ ಅಂತು. ಐದು ವರ್ಷ ಆಗೋದ್ರೊಳಗೆ, 2001ರಲ್ಲಿ, ಸ್ಟೀಲ್ ಅಥಾರಿಟಿ ಕೇಸಲ್ಲಿ ಐದು ಜಡ್ಜ್‌ಗಳ ಪೀಠ ಅದನ್ನ ತಿರುಗಿಸಿಬಿಡ್ತು, ತಾನಾಗೇ ಕಾಯಂ ಆಗೋದೆಲ್ಲಾ ಇಲ್ಲ ಅಂತ. ಅಂದ್ರೆ ಗುತ್ತಿಗೆ ರದ್ದು ಮಾಡ್ಸಿ ಅಂತ ಹೋರಾಡಿ ಗೆದ್ದ ಯೂನಿಯನ್ನಿನ ಮೆಂಬರುಗಳೇ ಮನೆಗೆ ಹೋಗೋ ಪರಿಸ್ಥಿತಿ! ಆದ್ರೆ ಅದೇ ತೀರ್ಪಲ್ಲಿ ಒಂದು ಕಿಟಕಿ ತೆರೆದಿಟ್ರು. ಗುತ್ತಿಗೆ ಅನ್ನೋದು ಬರೀ ನಾಟಕ, ನಿಜವಾದ ಮಾಲೀಕ ಕಂಪನಿಯೇ ಅಂತ ತೋರಿಸಿಕೊಟ್ರೆ, ಅದನ್ನ ಕೈಗಾರಿಕಾ ನ್ಯಾಯಮಂಡಳಿ ವಿಚಾರಣೆ ಮಾಡಿ ಕಾರ್ಮಿಕರನ್ನ ಕಂಪನಿಯವರೇ ಅಂತ ಹೇಳ್ಬಹುದು.

ಆ ಕಿಟಕಿಯಿಂದ ಒಳಗೆ ಹೋಗೋದು ಹೇಗೆ ಅನ್ನೋದೇ ಯೂನಿಯನ್ ಆಫೀಸುಗಳ ಅರ್ಧ ಕೆಲಸ. ನಾಟಕ ಅಂತ ಸಾಬೀತು ಮಾಡಕ್ಕೆ ಬೇಕಾಗಿರೋದು ಚಿಲ್ಲರೆ ಚಿಲ್ಲರೆ ಕಾಗದಗಳು. ರಜಾ ಚೀಟಿಗೆ ಸಹಿ ಹಾಕಿದ್ದು ಯಾರು, ಗೇಟ್ ಪಾಸ್ ಮೇಲೆ ಯಾರ ಸೀಲು, ಇವತ್ತು ಯಾವ ಲೈನಲ್ಲಿ ನಿಲ್ಲು ಅಂತ ಹೇಳೋದು ಕಂಪನಿ ಸೂಪರ್‌ವೈಸರಾ ಕಂಟ್ರಾಕ್ಟರ್ ಕಡೆಯವನಾ, ಸ್ಪ್ಯಾನರು ಕೈಗವಸು ಯಾರು ಕೊಟ್ಟಿದ್ದು, ಟೆಂಡರ್ ಬದಲಾಗಿ ಹೊಸ ಕಂಟ್ರಾಕ್ಟರ್ ಬಂದ್ರೂ ಜನ ಅವರೇ ಇದ್ರಾ. ನನಗೆ ಗೊತ್ತಿರೋ ಒಬ್ಬ ಕಾರ್ಯಕರ್ತರು ಹೊಸದಾಗಿ ಬಂದವರಿಗೆ ಭಾಷಣ ಮಾಡ್ತಿರ್ಲಿಲ್ಲ, "ಒಂದು ಪ್ಲಾಸ್ಟಿಕ್ ಕವರ್ ತಗೊಳ್ಳಿ, ಹಳೇ ಐಡಿ ಕಾರ್ಡು, ಸಂಬಳದ ಚೀಟಿ ಏನಿದ್ರೂ ಅದರಲ್ಲಿ ಹಾಕಿ ಮನೇಲಿ ಅಕ್ಕಿ ಡಬ್ಬಿ ಹಿಂದೆ ಇಡಿ, ಹೊಸ ಕಾರ್ಡ್ ಕೊಡುವಾಗ ಹಳೇದು ಕೇಳ್ತಾರೆ, ಕಳೆದೋಯ್ತು ಅನ್ನಿ" ಅಂತಿದ್ರು. ಐದು ಕಂಟ್ರಾಕ್ಟರ್‌ಗಳ ಹೆಸರಿನ ಐದು ಕಾರ್ಡು, ಐದರಲ್ಲೂ ಅದೇ ಮುಖ, ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ.

ಇದು ಖಾಸಗಿ ಫ್ಯಾಕ್ಟರಿ ಕಥೆ ಆಯ್ತು. ಸರ್ಕಾರವೇ ಮಾಲೀಕ ಆದ್ರೆ ಇನ್ನೊಂದು ಗೋಡೆ, ಅದನ್ನ ಕಟ್ಟಿದ್ದೂ ನಮ್ ಕರ್ನಾಟಕದ್ದೇ ಕೇಸು. ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರ ವಿಷಯದಲ್ಲಿ 2006ರ ಏಪ್ರಿಲ್‌ನಲ್ಲಿ ಬಂದ ಉಮಾದೇವಿ ತೀರ್ಪು. ಸರಿಯಾದ ನೇಮಕಾತಿ ಇಲ್ಲದೆ ಒಳಗೆ ಬಂದವರು ಎಷ್ಟೇ ವರ್ಷ ದುಡಿದ್ರೂ ಕಾಯಂ ಮಾಡಿ ಅಂತ ಹಕ್ಕಿನಿಂದ ಕೇಳಂಗಿಲ್ಲ, ಮಂಜೂರಾದ ಹುದ್ದೇಲಿ ಹತ್ತು ವರ್ಷಕ್ಕಿಂತ ಹೆಚ್ಚು ಇರೋ ಅರ್ಹರಿಗೆ ಮಾತ್ರ ಒಂದೇ ಒಂದು ಸಲ ಅವಕಾಶ ಕೊಡಿ ಅಂತು ಕೋರ್ಟು. ತತ್ವ ಏನೋ ಸರೀನೇ, ಎಲ್ಲರಿಗೂ ಸಮಾನ ಅವಕಾಶ ಸಿಗ್ಬೇಕು, ಹಿಂಬಾಗಿಲಿಂದ ನೇಮಕ ಬೇಡ ಅಂತ. ಆದ್ರೆ ಹಿಂಬಾಗಿಲು ತೆಗೆದು ಕರೆದುಕೊಂಡವರು ಅಧಿಕಾರಿಗಳು, ಶಿಕ್ಷೆ ಮಾತ್ರ ಒಳಗೆ ಬಂದವರಿಗೆ. ಆಮೇಲೆ ಯಾವ ಇಲಾಖೆಗೆ ಅರ್ಜಿ ಕೊಟ್ರೂ "ಉಮಾದೇವಿ ಪ್ರಕಾರ ಸಾಧ್ಯವಿಲ್ಲ" ಅಂತ ಒಂದೇ ಸಾಲಿನ ಉತ್ತರ. 2024ರ ಡಿಸೆಂಬರ್‌ನಲ್ಲಿ ಜಗ್ಗೋ ಕೇಸಲ್ಲಿ ಸುಪ್ರೀಂ ಕೋರ್ಟೇ, ಈ ತೀರ್ಪನ್ನ ದಶಕಗಟ್ಟಲೆ ದುಡಿದವರ ವಿರುದ್ಧ ಅಸ್ತ್ರ ಮಾಡ್ಕೋಬೇಡಿ ಅನ್ನೋ ಅರ್ಥದಲ್ಲಿ ಹೇಳಬೇಕಾಯ್ತು, ಅಷ್ಟರಲ್ಲಿ ಹದಿನೆಂಟು ವರ್ಷ ಕಳೆದಿತ್ತು.

ಈ ಗೋಡೆ ಇದ್ದಾಗಲೂ ಬೆಂಗಳೂರಿನ ಪೌರಕಾರ್ಮಿಕರು ಒಳಗೆ ಬಂದಿದ್ದು ಹೇಗೆ ಅನ್ನೋದನ್ನ ಸ್ವಲ್ಪ ನಿಧಾನವಾಗಿ ಹೇಳ್ಬೇಕು. ಕಸ ಗುಡಿಸೋದು ವರ್ಷಪೂರ್ತಿ ಕೆಲಸ, ಒಂದ್ ದಿನ ನಿಲ್ಲಂಗಿಲ್ಲ, ಆದ್ರೂ ವರ್ಷಗಟ್ಟಲೆ ಅದು ಗುತ್ತಿಗೇಲೇ ನಡೀತು. ಬೆಳಗ್ಗೆ ಆರೂವರೆಗೆ ಮಸ್ಟರಿಂಗ್ ಪಾಯಿಂಟಲ್ಲಿ ಹಾಜರಿ, ಬಹುತೇಕ ಹೆಣ್ಣುಮಕ್ಕಳು, ಬಹುತೇಕ ದಲಿತರು, ಪಿಎಫ್ ಕಟ್ ಆಗತ್ತೆ ಅಂತಾರೆ ನಂಬರ್ ಯಾರಿಗೂ ಗೊತ್ತಿಲ್ಲ. ಇಲ್ಲಿ ಸಂಘ ಕಟ್ಟಿದವರು ಮಾಡಿದ ಜಾಣತನ ಏನಂದ್ರೆ ಕಾಯಂ ಮಾಡಿ ಅನ್ನೋ ದೊಡ್ಡ ಬೇಡಿಕೆ ಇಟ್ಕೊಂಡೇ ಮಧ್ಯದ ಮೆಟ್ಟಿಲನ್ನೂ ಕೇಳಿದ್ದು. ಕಂಟ್ರಾಕ್ಟರ್‌ನ ತೆಗೀರಿ, ಸಂಬಳ ಪಾಲಿಕೆಯಿಂದ ನೇರ ನಮ್ ಖಾತೆಗೆ ಹಾಕಿ. 2017-18ರ ಹೊತ್ತಿಗೆ ಈ ನೇರ ಪಾವತಿ ಬಂತು. ನೋಡಕ್ಕೆ ಸಣ್ಣ ವಿಷಯ, ಬ್ಯಾಂಕ್ ಪಾಸ್‌ಬುಕ್ಕಲ್ಲಿ ಒಂದು ಸಾಲು ಬದಲಾಗಿದ್ದು ಅಷ್ಟೆ, ಆದ್ರೆ ಆ ಸಾಲಿಂದಾಗಿ ನನ್ನ ಮಾಲೀಕ ಯಾರು ಅನ್ನೋದು ಬರವಣಿಗೇಲಿ ಬಂದಂಗಾಯ್ತು. ಇದರಲ್ಲೂ ಏಟು ಬಿತ್ತು, 700 ಜನಸಂಖ್ಯೆಗೆ ಒಬ್ಬರು ಅನ್ನೋ ಲೆಕ್ಕ ಹಿಡಿದು, ಬಯೋಮೆಟ್ರಿಕ್ ಹಿಡಿದು, ಕೆಲಸ ಮಾಡ್ತಿದ್ದ ಎಷ್ಟೋ ಜನ ಪಟ್ಟಿಯಿಂದ ಹೊರಗುಳಿದ್ರು.

ಆಮೇಲೆ 2022ರ ಜುಲೈ 1ಕ್ಕೆ ರಾಜ್ಯದಾದ್ಯಂತ ಪೊರಕೆ ಕೆಳಗಿಟ್ರು. ನಾಲ್ಕೇ ದಿನ. ನಾಲ್ಕನೇ ದಿನಕ್ಕೆ ಸರ್ಕಾರದಿಂದ ಲಿಖಿತ ಭರವಸೆ ಬಂತು, ಸೆಪ್ಟೆಂಬರ್‌ನಲ್ಲಿ ಸಂಪುಟ 11,133 ಹುದ್ದೆಗಳಿಗೆ ಒಪ್ಪಿಗೆ ಕೊಡ್ತು, 2025ರ ಮೇ 1ರಂದು ಬೆಂಗಳೂರಲ್ಲಿ 12,692 ಜನರಿಗೆ ನೇಮಕಾತಿ ಪತ್ರ ಕೊಟ್ರು. ಯಾಕೆ ಇಷ್ಟು ಬೇಗ ಬಗ್ಗಿದ್ರು ಅಂದ್ರೆ ಜುಲೈ ತಿಂಗಳು, ಮಳೆ, ಕಸ ಕೊಳೆಯಕ್ಕೆ ಎರಡು ದಿನ ಸಾಕು, ವಾಸನೆ ವಿಧಾನಸೌಧದ ತನಕ ಹೋಗತ್ತೆ. ಎಲ್ಲಾ ಯೂನಿಯನ್‌ಗೂ ಈ ಬಲ ಇರಲ್ಲ ಅನ್ನೋದನ್ನ ಮರೀಬಾರದು, ಅತಿಥಿ ಉಪನ್ಯಾಸಕರು ತಿಂಗಳುಗಟ್ಟಲೆ ಕೂತ್ರೂ ಪಕ್ಕದ ಬೀದಿಗೆ ವಾಸನೆ ಬರಲ್ಲ. ಆಶಾ ಕಾರ್ಯಕರ್ತೆಯರು 2025ರ ಜನವರೀಲಿ ಫ್ರೀಡಂ ಪಾರ್ಕಲ್ಲಿ ಚಳೀಲಿ ರಾತ್ರಿಯೆಲ್ಲಾ ಮಲಗಿ ತಿಂಗಳಿಗೆ ಕನಿಷ್ಠ 10,000 ಕೊಡ್ತೀವಿ ಅನ್ನೋ ಮಾತು ತಗೊಂಡು ಎದ್ರು, ಅದೂ ಗೌರವಧನ ಅನ್ನೋ ಹೆಸರಲ್ಲೇ.

ಪೌರಕಾರ್ಮಿಕರ ಗೆಲುವಿನ ಪಕ್ಕದಲ್ಲೇ ಒಂದು ಬಾಲ ಉಳ್ಕೊಂಡಿದೆ. ರಸ್ತೆ ಗುಡಿಸೋರು ಪತ್ರ ತಗೊಂಡ ದಿನ, ಅದೇ ಕಸವನ್ನ ಆಟೋ ಟಿಪ್ಪರ್‌ನಲ್ಲಿ ಹೊರೋ ಡ್ರೈವರ್‌ಗಳು, ಹೆಲ್ಪರ್‌ಗಳು, ಲೋಡರ್‌ಗಳು ಗುತ್ತಿಗೇಲೇ ಇದ್ರು. ಸಂಘಕ್ಕೆ ಮುಂದಿನ ಕೆಲಸ ಸಿಕ್ತು.

ಈಗ ಎರಡನೇ ದಾರಿ, ಮಾಲೀಕ ಸಿಗದೇ ಇದ್ದಾಗ. ಇದು ಮೊಬೈಲ್ ಆಪ್ ಬಂದ್ಮೇಲೆ ಶುರುವಾದ ತಲೆನೋವು ಅಂದ್ಕೊಂಡವರು ದಕ್ಷಿಣ ಕನ್ನಡದ ಬೀಡಿ ಕಟ್ಟೋ ಅಮ್ಮಂದಿರನ್ನ ಕೇಳ್ಬೇಕು. ಎಲೆ, ಹೊಗೆಸೊಪ್ಪು ಬ್ರಾಂಚಿಂದ ತಂದು, ಮನೆ ಜಗಲೀಲಿ ಕೂತು ಕಟ್ಟಿ, ಮತ್ತೆ ಬ್ರಾಂಚಿಗೇ ಕೊಟ್ಟು ಬರೋದು, ಸಾವಿರ ಬೀಡಿಗೆ ಇಷ್ಟು ಮಜೂರಿ. ಫ್ಯಾಕ್ಟರಿ ಇಲ್ಲ, ಶಿಫ್ಟ್ ಇಲ್ಲ, ಕಂಪನಿಗೂ ಇವರಿಗೂ ಮಧ್ಯೆ ಒಬ್ಬ ಕಂಟ್ರಾಕ್ಟರು, ಸರಿ ಇಲ್ಲ ಅಂತ ಬೀಡಿ ತೆಗೆದು ಪಕ್ಕಕ್ಕೆ ಹಾಕಿದ್ರೆ ಆ ದುಡ್ಡೂ ಹೋಯ್ತು. ಇವತ್ತಿನ ರೇಟಿಂಗ್ ಕಮ್ಮಿಯಾಯ್ತು ಅನ್ನೋದಕ್ಕೂ ಅದಕ್ಕೂ ಏನ್ ವ್ಯತ್ಯಾಸ ಹೇಳಿ. ಬೀಡಿ ಯೂನಿಯನ್‌ಗಳ ವರ್ಷಗಳ ಒತ್ತಾಯದ ಮೇಲೆ 1966ರಲ್ಲಿ ಕೇಂದ್ರದ ಬೀಡಿ ಕಾರ್ಮಿಕ ಕಾಯ್ದೆ ಬಂತು, ಮನೇಲಿ ಕೂತು ಕಟ್ಟಿದ್ರೂ ಅವಳು ಕಾರ್ಮಿಕಳೇ, ಮಧ್ಯೆ ಯಾರಿದ್ರೂ ಹಿಂದಿರೋ ಕಂಪನಿಯೇ ಮಾಲೀಕ, ಬೀಡಿ ತಳ್ಳಿಹಾಕೋದಕ್ಕೂ ಮಿತಿ ಇದೆ ಅಂತ. ಮಂಗಳೂರು ಗಣೇಶ್ ಬೀಡಿ ವರ್ಕ್ಸ್‌ನವರು ಇದು ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ ತನಕ ಹೋದ್ರು, 1974ರಲ್ಲಿ ಕೋರ್ಟು ಕಾಯ್ದೆ ಸರಿಯಾಗಿದೆ ಅಂತು. ಕರಾವಳೀಲಿ ಇವತ್ತು ಬೀಡಿ ಅಮ್ಮನ ಪಿಎಫ್ ದುಡ್ಡಲ್ಲಿ ಮಗಳ ಮದುವೆ ಆಯ್ತು, ಮನೆಗೆ ಹಂಚು ಬಂತು ಅನ್ನೋ ಮಾತು ಕೇಳ್ತೀರಲ್ಲ, ಅದರ ಬೇರು ಇಲ್ಲಿದೆ.

ಆದ್ರೆ ಆ ಕಾಯ್ದೆ ಬಂದಾಗ ಆಗಿದ್ದೇ ಬೇರೆ. ಪಕ್ಕದ ಕಣ್ಣೂರಲ್ಲಿ ಕೇರಳ ಸರ್ಕಾರ ಕಾಯ್ದೆ ಜಾರಿ ಮಾಡಕ್ಕೆ ಹೊರಟ ತಕ್ಷಣ, 1968ರಲ್ಲಿ, ಮಂಗಳೂರಿನ ಮಾಲೀಕರು ಅಲ್ಲಿನ ಕೇಂದ್ರಗಳನ್ನೇ ಮುಚ್ಕೊಂಡು ಬಂದ್ಬಿಟ್ರು, ಸುಮಾರು 12,000 ಜನ ಒಂದೇ ಏಟಿಗೆ ಬೀದಿಗೆ. ಹಕ್ಕು ಕೇಳಿದ್ರೆ ಕೆಲಸಾನೇ ಹೋಗತ್ತೆ ಅನ್ನೋ ಬೆದರಿಕೆ ಇದೆಯಲ್ಲ, ಅದು ಸುಳ್ಳು ಬೆದರಿಕೆ ಏನಲ್ಲ, ಹಂಗೆ ಆಗಿದೆ. ಅಲ್ಲಿನ ಯೂನಿಯನ್‌ನವರು ಆಗ ಓಡಿಹೋದ ಮಾಲೀಕನ ಹಿಂದೆ ಓಡಲಿಲ್ಲ. 1969ರಲ್ಲಿ ಸರ್ಕಾರದ ಸಾಲ ತಗೊಂಡು ತಾವೇ ಸಹಕಾರ ಸಂಘ ಕಟ್ಟಿದ್ರು, ಕೇರಳ ದಿನೇಶ್ ಬೀಡಿ. ಕನಿಷ್ಠ ಕೂಲಿ, ರಜೆ, ಪಿಎಫ್ ಎಲ್ಲಾ ಕೊಟ್ಟೂ ಕಂಪನಿ ನಡೆಸಿ ತೋರಿಸಿದ್ರು, ಒಂದ್ ಕಾಲಕ್ಕೆ ನಲವತ್ತು ಸಾವಿರದ ಹತ್ರ ಜನ ಅಲ್ಲಿ ದುಡೀತಿದ್ರು. ಶೆಡ್ಡಲ್ಲಿ ಎಲ್ಲರೂ ಬೀಡಿ ಕಟ್ತಿರುವಾಗ ಒಬ್ಬರು ಜೋರಾಗಿ ಪೇಪರ್ ಓದೋರು, ಓದೋರ ಪಾಲಿನ ಬೀಡಿಯನ್ನ ಮಿಕ್ಕವರು ಕಟ್ಟಿಕೊಡೋರು. ನನಗಂತೂ ಈ ಚಿತ್ರ ಬಹಳ ಇಷ್ಟ. ಬೀಡಿ ಸೇದೋರು ಕಮ್ಮಿಯಾದ್ಮೇಲೆ ಕೊಡೆ, ಮಸಾಲೆ ಪುಡಿ, ಬಟ್ಟೆ ಅಂತ ತಿರುಗಿದ್ರು.

ಇನ್ನೊಂದು ಮಾದರಿ ಮಹಾರಾಷ್ಟ್ರದ್ದು, ಮಾಥಾಡಿ ಕಾಯ್ದೆ, 1969. ಮಾರ್ಕೆಟ್‌ನ ಹಮಾಲಿಗೆ ದಿನಕ್ಕೆ ಹತ್ತು ಅಂಗಡಿ ಮೂಟೆ, ಅವನ ಮಾಲೀಕ ಯಾರು? ಹತ್ತೂ ಜನ "ನಾನಲ್ಲ" ಅಂತಾರೆ. ಅಲ್ಲಿ ಹಮಾಲರ ಸಂಘಗಳು ತೆಗೆಸಿದ ದಾರಿ ಮಂಡಳಿ. ವ್ಯಾಪಾರಿ ಕೂಲಿ ಜೊತೆಗೆ ಅದರ ಮೇಲೆ ಇಷ್ಟು ಪರ್ಸೆಂಟ್ ಅಂತ ಲೆವಿಯನ್ನೂ ಮಂಡಳಿಗೆ ಕಟ್ತಾನೆ, ಮಂಡಳಿ ಹಮಾಲಿಗೆ ಕೂಲಿ ಕೊಡತ್ತೆ, ಲೆವಿಯಿಂದ ಪಿಎಫ್, ಗ್ರಾಚ್ಯುಟಿ, ಬೋನಸ್, ಆಸ್ಪತ್ರೆ ಖರ್ಚು. ಯಾರೂ ಮಾಲೀಕ ಅಲ್ಲ ಅಂದ್ರೆ ಎಲ್ಲರೂ ಸ್ವಲ್ಪ ಸ್ವಲ್ಪ ಮಾಲೀಕರು, ಅಷ್ಟೆ ಲೆಕ್ಕ.

ಈಗ ಕರ್ನಾಟಕದ ಗಿಗ್ ಕಾಯ್ದೆ, ಅಂದ್ರೆ ಆಪ್ ಮೂಲಕ ಕೆಲಸ ಮಾಡೋರ ಕಾಯ್ದೆ ನೋಡಿ, ಅದೇ ಮರದ ಕೊಂಬೆ. 2023ರಲ್ಲಿ ರಾಜಸ್ಥಾನ ಮೊದಲು ಮಾಡ್ತು, ನಮ್ಮಲ್ಲಿ 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಬಂತು, ಅದೇ ವರ್ಷ ಕಾಯ್ದೆ ಆಯ್ತು. ಪ್ರತಿ ಆರ್ಡರ್‌ಗೆ ರೈಡರ್‌ಗೆ ಕೊಡೋ ಮೊತ್ತದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನ ಕಂಪನಿ ಕಟ್ಟಬೇಕು. 40 ರೂಪಾಯಿ ಪೇಔಟ್ ಅಂದ್ರೆ 40 ಪೈಸೆಯಿಂದ 2 ರೂಪಾಯಿ, ರೈಡರ್ ಜೇಬಿಂದಲ್ಲ. ಅದರ ಜೊತೆ, ಐಡಿ ಬ್ಲಾಕ್ ಮಾಡ್ಬೇಕಂದ್ರೆ ಸರಿಯಾದ ಕಾರಣ ಬರೆದು 14 ದಿನ ಮೊದಲು ತಿಳಿಸ್ಬೇಕು. ದುಡ್ಡಿಗಿಂತ ನನಗೆ ಇದೇ ದೊಡ್ಡದು ಅನ್ಸತ್ತೆ, ಯಾಕಂದ್ರೆ ಬೆಳಗ್ಗೆ ಎದ್ದು ಲಾಗಿನ್ ಆಗದೇ ಇದ್ರೆ ಯಾರನ್ನ ಕೇಳ್ಬೇಕು ಅಂತಲೇ ಗೊತ್ತಿಲ್ಲದ ಕೆಲಸ ಅದು. ಆದ್ರೆ ರೈಡರ್ ಕಂಪನಿಯ ನೌಕರ ಹೌದಾ ಅಲ್ವಾ ಅನ್ನೋ ಮೂಲ ಪ್ರಶ್ನೇನ ಕಾಯ್ದೆ ಮುಟ್ಟೋಕೆ ಹೋಗಿಲ್ಲ. ಬ್ರಿಟನ್ನಲ್ಲಿ 2021ರ ಫೆಬ್ರವರೀಲಿ ಸುಪ್ರೀಂ ಕೋರ್ಟು ಊಬರ್ ಡ್ರೈವರ್‌ಗಳಿಗೆ ಕನಿಷ್ಠ ವೇತನ, ಸಂಬಳ ಸಹಿತ ರಜೆ ಕೊಡ್ಲೇಬೇಕು ಅಂತ ತೀರ್ಪು ಕೊಡ್ತು, ಮೂರು ತಿಂಗಳಿಗೆ ಊಬರ್ ಅಲ್ಲಿನ ಜಿಎಂಬಿ ಯೂನಿಯನ್‌ಗೆ ಮಾನ್ಯತೆನೂ ಕೊಡ್ತು. ನಾವಿನ್ನೂ ಮಂಡಳಿ ದಾರೀಲಿದ್ದೀವಿ.

ಮಂಡಳಿ ದಾರೀಲಿ ಗುಂಡಿಗಳೂ ಇವೆ. ಬೀಡಿ ಕಾರ್ಮಿಕರ ಆಸ್ಪತ್ರೆ, ಮಕ್ಕಳ ಸ್ಕಾಲರ್‌ಶಿಪ್ಪು ನಡೀತಿದ್ದಿದ್ದು ಬೀಡಿ ಮೇಲಿನ ಸೆಸ್ ದುಡ್ಡಲ್ಲಿ, 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ಸನ್ನೇ ಎತ್ತಿಬಿಟ್ರು, ಕಾರ್ಮಿಕರನ್ನ ಒಂದ್ ಮಾತು ಕೇಳಿ ಮಾಡಿದ್ದಲ್ಲ. ಕಟ್ಟಡ ಕಾರ್ಮಿಕರ ಮಂಡಳಿ 2007ರಿಂದ ಇದೆ, ಶೇ. 1 ಸೆಸ್ ಬರತ್ತೆ, ಆದ್ರೆ ಎಷ್ಟೋ ಕಡೆ ಯೂನಿಯನ್ ಆಫೀಸು ಅಂದ್ರೆ ಕಾರ್ಡ್ ಮಾಡಿಸೋ, ಅರ್ಜಿ ತುಂಬೋ ಅಂಗಡಿ ಆಗಿಬಿಟ್ಟಿದೆ. ಕೂಲಿ ಜಾಸ್ತಿ ಕೇಳೋದು ಹೋಗಿ ಕಿಟ್ ಯಾವಾಗ ಬರತ್ತೆ ಅನ್ನೋದು ಬಂದಿದೆ. ಬೇಜಾರಾಗತ್ತೆ, ಆದ್ರೆ ಅರ್ಜಿ ತುಂಬಿಸಕ್ಕೆ ಬಂದ ಹತ್ತರಲ್ಲಿ ಇಬ್ಬರು ಮೀಟಿಂಗ್‌ಗೂ ಬರ್ತಾರೆ ಅಂತ ಅಲ್ಲಿರೋರು ಹೇಳ್ತಾರೆ, ಅದೂ ನಿಜಾನೇ.

ಇನ್ನು ನನ್ನ ಹಳೇ ಸಿಟ್ಟಿಗೆ ಬರ್ತೀನಿ, ಆ ಬೈಲಾ. ಪರ್ಮನೆಂಟ್ ಯೂನಿಯನ್‌ಗಳು ವರ್ಷಗಟ್ಟಲೆ ಗುತ್ತಿಗೆಯವರನ್ನ ಹೊರಗಿಟ್ಟಿದ್ದು ಬರೀ ನಿರ್ಲಕ್ಷ್ಯ ಅಲ್ಲ, ಕೆಲವು ಕಡೆ ಒಳಗೊಳಗೇ ಲೆಕ್ಕಾಚಾರ. ಮಂದಿ ಕಮ್ಮಿ ಮಾಡ್ಬೇಕಾದಾಗ ಮೊದಲು ಹೋಗೋದು ಬೂದಿ ಶರ್ಟು, ನೀಲಿ ಶರ್ಟು ಉಳಿಯತ್ತೆ. ಆದ್ರೆ ಹತ್ತು ವರ್ಷದಲ್ಲಿ ನೀಲಿ ಶರ್ಟುಗಳು ರಿಟೈರ್ ಆಗ್ತಾ ಹೋದ್ವು, ಅವರ ಜಾಗಕ್ಕೆ ಬೂದಿ ಶರ್ಟೇ ಬಂತು, ಯೂನಿಯನ್ ಸ್ಟ್ರೈಕ್ ಕರೆದ್ರೂ ಲೈನ್ ನಿಲ್ಲದ ಹಾಗಾಯ್ತು. ಆಮೇಲೆ ಬುದ್ಧಿ ಬಂದು ಎಷ್ಟೋ ಯೂನಿಯನ್‌ಗಳು ಬೈಲಾ ತಿದ್ದಿವೆ. ಈಗ 2025ರ ನವೆಂಬರ್ 21ಕ್ಕೆ ಜಾರಿಯಾದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಇನ್ನೊಂದು ತೊಡಕು ಇದೆ. ಮಾತುಕತೆಗೆ ಕೂರೋ ಹಕ್ಕು ಮಸ್ಟರ್ ರೋಲ್‌ನಲ್ಲಿರೋ ಕಾರ್ಮಿಕರಲ್ಲಿ ಶೇ. 51 ಬೆಂಬಲ ಇರೋ ಯೂನಿಯನ್‌ಗೆ. ಮಸ್ಟರ್ ರೋಲ್ ಅಂದ್ರೆ ಆ ಕಂಪನಿಯ ಹಾಜರಿ ಪಟ್ಟಿ, ಕಂಟ್ರಾಕ್ಟರ್ ರೋಲಲ್ಲಿ ಇರೋನು ಲೆಕ್ಕಕ್ಕೆ ಬರ್ತಾನಾ? ಸ್ಟ್ರೈಕ್‌ಗೆ 14 ದಿನ ಮೊದಲೇ ನೋಟಿಸು ಬೇರೆ. ಹಳೇ ಗುತ್ತಿಗೆ ಕಾಯ್ದೆ 20 ಜನ ಇದ್ರೆ ಅನ್ವಯಿಸ್ತಿತ್ತು, ಅದರ ಜಾಗಕ್ಕೆ ಬಂದ ಸಂಹಿತೇಲಿ ಈಗ 50. ನಿಗದಿತ ಅವಧಿಗೆ ನೇಮಕ ಆದವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಅನ್ನೋದು ಒಳ್ಳೇದೇ, ಇಲ್ಲ ಅನ್ನಲ್ಲ.

ಯೂನಿಯನ್ನೇ ಬೇಡ ಅನ್ನೋರಿಗೆ ಎರಡು ನೆನಪು. 2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡು ತೆಗೆಯಕ್ಕೆ ಕೇಂದ್ರ ಹೊಸ ನಿಯಮ ತಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಯಾವ ಯೂನಿಯನ್ ಕರೆಗೂ ಕಾಯದೆ ಹೊಸೂರು ರೋಡಿಗೆ ಇಳಿದ್ರು, ಎರಡನೇ ದಿನ ಸಂಜೆಗೆ ಕೇಂದ್ರ ನಿಯಮ ವಾಪಸ್ ತಗೊಳ್ತು. 2020ರ ಡಿಸೆಂಬರ್ 12ಕ್ಕೆ ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸೋ ವಿಸ್ಟ್ರಾನ್ ಫ್ಯಾಕ್ಟರೀಲಿ ಸಂಬಳ ಸರಿಯಾಗಿ ಬರಲಿಲ್ಲ ಅಂತ ಕಾರ್ಮಿಕರು ಗಾಜು ಪುಡಿ ಮಾಡಿದ್ರು, ಹೆಚ್ಚಿನವರು ಗುತ್ತಿಗೆಯವರು, ಹೇಳ್ಕೊಳ್ಳೋಕೆ ಒಂದು ಯೂನಿಯನ್ ಇರ್ಲಿಲ್ಲ. ಒಂದು ಗೆಲುವು, ಇನ್ನೊಂದರಲ್ಲಿ ಹುಡುಗರು ಜೈಲು ಕಂಡ್ರು. ಸಿಟ್ಟು ಎರಡೂ ಕಡೆ ಒಂದೇ ಥರದ್ದು.

ಹೋದ ತಿಂಗಳು ನಮ್ ಏರಿಯಾದ ಡಾರ್ಕ್ ಸ್ಟೋರ್ (ಆಪ್ ಆರ್ಡರ್‌ಗಳು ಹೊರಡೋ ಗೋದಾಮು) ಎದುರು ಟೀ ಅಂಗಡೀಲಿ ನಿಂತಿದ್ದೆ. ಯೂನಿಯನ್ ಕಡೆಯ ಒಬ್ರು, ಅವರೂ ರೈಡರೇ, ನಾಲ್ಕೈದು ಹುಡುಗರನ್ನ ನಿಲ್ಲಿಸ್ಕೊಂಡು ದಿನಾ ರಾತ್ರಿ ಪೇಔಟ್ ಸ್ಕ್ರೀನ್‌ಶಾಟ್ ತೆಗೆದಿಡ್ರೋ, ನಾಳೆ ಮಂಡಳಿ ಮುಂದೆ ದೂರು ಕೊಡಕ್ಕೆ ಬೇಕಾಗತ್ತೆ ಅಂತ ಹೇಳ್ತಿದ್ರು. ಹಳೇ ಪ್ಲಾಸ್ಟಿಕ್ ಕವರಿನ ಹೊಸ ಅವತಾರ ಅನ್ಕೊಂಡೆ. ಒಬ್ಬ ಹುಡುಗ ಫೋನ್ ತೋರಿಸ್ದ, "ಸ್ಟೋರೇಜ್ ಫುಲ್ ಆಗಿದೆ ಅಣ್ಣ, ಮಗಳ ಫೋಟೋ ಡಿಲೀಟ್ ಮಾಡ್ಲಾ?" "ಬೇಡ್ವೋ, ನನ್ ನಂಬರ್‌ಗೆ ಕಳಿಸಿ ನಿನ್ ಹತ್ರ ಅಳಿಸು" ಅಂತ ಅವರು ನಂಬರ್ ಹೇಳಕ್ಕೆ ಶುರು ಮಾಡಿದ್ರು. ಐದನೇ ಅಂಕಿಗೆ ಹುಡುಗನ ಫೋನ್ ಟಿಣ್ ಅಂತು, ಟೀ ಲೋಟ ಅರ್ಧಕ್ಕೇ ಬಿಟ್ಟು ಗಾಡಿ ಹತ್ತಿದ. ಮಿಕ್ಕ ಐದು ಅಂಕಿಯನ್ನ ಅವರು ರಸ್ತೆ ತನಕ ಓಡಿ ಕೂಗಿ ಹೇಳಿದ್ರು.